ಅತ್ತೆ ಕಡಿಯುತ್ತಿದ್ದ ಬಾಳೆ

ಅತ್ತೆ-ಸೊಸೆ ಜಗಳ ಅಂದರೆ ಒಲೆಯ ಮುಂದೆ ಹುಟ್ಟಬೇಕು, ಇಲ್ಲವೇ ಮಗನ ಕಿವಿ ಯಾರು ಹಿಂಡಬೇಕು ಎಂಬಲ್ಲಿ ಹುಟ್ಟಬೇಕು. ಈ ಮನೆಯ ಜಗಳ ಹುಟ್ಟಿದ್ದು ಹಿತ್ತಲಲ್ಲಿ, ಅದೂ ಒಂದು ಬಾಳೆಗಿಡದ ಬುಡದಲ್ಲಿ. ಉಳಿದಂತೆ ಇಬ್ಬರೂ ಚೆನ್ನಾಗಿಯೇ ಇದ್ದರು. ಹಗಲೆಲ್ಲ ಒಬ್ಬರ ಮಾತಿಗೆ ಒಬ್ಬರು ಉಪ್ಪುಖಾರ ಹಚ್ಚಿ, ಸಂಜೆ ಒಂದೇ ಕಂಬಳಿಯೊಳಗೆ ಕಾಲು ತೂರಿಸಿಕೊಂಡು ಟೀವಿ ನೋಡುವಷ್ಟು ಚೆನ್ನಾಗಿ. ಆದರೆ ಚಳಿಗಾಲ ಬಾಗಿಲು ತಟ್ಟಿ, ಹಿತ್ತಲ ಹುಲ್ಲಿನ ಮೇಲೆ ಮೊದಲ ಬಿಳಿ ಮಂಜು ಕಾಣಿಸಿತೋ, ಅತ್ತೆ ತೀರಿಹೋದ ಮಾವನ ಹಳೇ ಕೋಟು ಏರಿಸಿ, ಶೆಡ್ಡಿನಿಂದ ಗರಗಸ ಹಿಡಿದು ಹೊರಬೀಳುತ್ತಿದ್ದರು. ಬೇಸಿಗೆಯಿಡೀ ಗೋಡೆಗೆ ಒರಗಿ ಸೂರು ಮುಟ್ಟುವಂತೆ ಬೆಳೆದ ಗಿಡವನ್ನು ನೆಲದಿಂದ ಗೇಣುದ್ದ ಬಿಟ್ಟು ಕಡಿಯುವುದು, ಮೋಟಿನ ಮೇಲೆ ತರಗೆಲೆ, ಒಣಹುಲ್ಲು ರಾಶಿ ಹಾಕುವುದು, ಮಳೆನೀರು ಇಳಿಯದ ಹಾಗೆ ಮೇಲೊಂದು ತಗಡು ಮುಚ್ಚಿ ಕಲ್ಲು ಹೇರುವುದು. ಇಷ್ಟು ಮಾಡಿ ಕೈ ಕೊಡವಿಕೊಂಡು ಒಳಗೆ ಬರುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು. ಆ ನೆಮ್ಮದಿ ಕಂಡರೆ ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು.

"ಬುಡಕ್ಕೇ ಯಾಕೆ ಕಡೀತೀರಾ ಅತ್ತೆ? ದಿಂಡು ನಿಂತರೆ ತಾನೆ ಹೂ ಬರೋದು," ಎಂದು ಅವಳು ಪ್ರತಿ ವರ್ಷ ಕೇಳುತ್ತಿದ್ದಳು.

"ನಿಂತ ದಿಂಡು ಚಳಿಗೆ ಕೊಳೆಯುತ್ತೆ. ಗಡ್ಡೆ ಉಳಿದರೆ ಗಿಡ ಉಳಿದ ಹಾಗೆ. ಇರೋದರಲ್ಲಿ ತೃಪ್ತಿ ಪಡೋದು ಕಲಿ," ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು.

ಸೊಸೆಯ ಮಾತೇ ಸರಿ. ಬಾಳೆಯ ಹೂ ಗಡ್ಡೆಯಲ್ಲಿ ಹುಟ್ಟಿ, ದಿಂಡಿನ ನಡುವೆ ತೂರಿಕೊಂಡು ಮೇಲಕ್ಕೆ ಬರುವಂಥದು. ಬೇಸಿಗೆ ಚಿಕ್ಕದಾದ ಊರಿನಲ್ಲಿ ಒಂದೇ ಬೇಸಿಗೆಗೆ ಅದು ಆಗುವ ಮಾತಲ್ಲ, ದಿಂಡು ಒಂದು ಚಳಿಗಾಲವನ್ನಾದರೂ ನಿಂತು ದಾಟಬೇಕು. ವರ್ಷಾ ವರ್ಷಾ ಕತ್ತು ಕುಯ್ದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಹೂವಿಲ್ಲದ ಮೇಲೆ ಹಣ್ಣಿನ ಮಾತೆಲ್ಲಿ. ಸೊಸೆಗೆ ಬೇಕಾಗಿದ್ದುದೋ ಆ ಹಣ್ಣು. ಒಂದೇ ಒಂದು ಸಲ.

ಹಣ್ಣಿಗೇನು ಬರ, ಮೂಲೆ ಅಂಗಡಿಯಲ್ಲಿ ಚಿಪ್ಪು ಚಿಪ್ಪೇ ನೇತಾಡುತ್ತಿರುತ್ತವೆ ಎಂದು ನೀವು ಕೇಳಬಹುದು. ಅವಳ ಗಂಡನೂ ಹಾಗೇ ಕೇಳಿ ಬೈಸಿಕೊಂಡಿದ್ದ. ಇದು ಅವಳ ಅಮ್ಮನ ಹಿತ್ತಲಿನ ಗಿಡ. ರೈಲಿನಲ್ಲಿ ಹಗಲು ರಾತ್ರಿ ಕೂತು ಹೋಗಬೇಕಾದ, ಸ್ವೆಟರ್ ಎಂದರೇನೆಂದೇ ಅರಿಯದ ಊರು ಅದು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಆ ಬಾಳೆ ಹಿಂಡು ಹಿಂಡಾಗಿ ನಿಂತಿತ್ತು. ಹಣ್ಣು ಸಣ್ಣದು, ಗುಂಡಗೆ, ತೆಳ್ಳನೆ ಸಿಪ್ಪೆ. ತಿಂದ ಮೇಲೆ ನಾಲಿಗೆಯ ತುದಿಯಲ್ಲಿ ಒಂದಿಷ್ಟು ಹುಳಿ ಉಳಿಯುತ್ತಿತ್ತು. ಗೊನೆಯ ತುದಿಯಲ್ಲಿ ತೂಗುವ ಹೂಮೂತಿಯ ಪಕಳೆಗಳು ಕಡುನೇರಳೆ. ಅವು ಉದುರಿದಾಗ ಆಯ್ದು ತಂದು ನೀರಿನ ತೊಟ್ಟಿಯಲ್ಲಿ ದೋಣಿ ಬಿಡುವುದು ಅವಳ ಬಾಲ್ಯದ ಅರ್ಧ ಕೆಲಸ. ಮದುವೆಯಾಗಿ ಈ ಚಳಿಯ ಊರಿಗೆ ಬಂದು ಕೆಲವು ವರ್ಷಗಳಾದ ಮೇಲೆ, ಒಮ್ಮೆ ತವರಿಗೆ ಹೋದಾಗ ಅಮ್ಮ ಒಂದು ಮರಿಗಿಡವನ್ನು ಗಡ್ಡೆ ಸಮೇತ ಅಗೆದು, ಒದ್ದೆ ಬಟ್ಟೆ ಸುತ್ತಿ, ದಿಂಬಿನ ಚೀಲದೊಳಗೆ ಇಳಿಸಿ ಕೊಟ್ಟಿದ್ದಳು. "ಅಲ್ಲಿ ಬದುಕುತ್ತೋ ಇಲ್ಲವೋ ಗೊತ್ತಿಲ್ಲ ಕಣೆ. ನೀನು ಬದುಕಿದ್ದೀಯಲ್ಲ, ಅದಕ್ಕೇನು ಧಾಡಿ," ಎಂದಿದ್ದಳು.

ಆ ವರ್ಷದ ಚಳಿಗಾಲಕ್ಕೇ ಅಮ್ಮ ಹಾಸಿಗೆ ಹಿಡಿದಳು. ಗಿಡವನ್ನು ಅತ್ತೆಯ ಕೈಗೊಪ್ಪಿಸಿ ಸೊಸೆ ತವರಿಗೆ ಹೋದಳು, ಚಳಿಗಾಲವಿಡೀ ಅಲ್ಲೇ ಇದ್ದಳು. ಅಮ್ಮನಿಗೆ ಮಾತು ಕಮ್ಮಿಯಾಗುತ್ತ ಬಂದ ಹಾಗೆ ಕೇಳುವುದೂ ಒಂದೇ ಆಯಿತು: ಗಿಡ ಹೇಗಿದೆ? ಕೊನೆಗೆ ಒಂದು ದಿನ ಫೋನು ಹಚ್ಚಿ ಅಮ್ಮನ ಕಿವಿಗೇ ಹಿಡಿದಳು. ಆ ಕಡೆಯಿಂದ ಅತ್ತೆಯ ದೊಡ್ಡ ದನಿ ಕೋಣೆಗೆಲ್ಲ ಕೇಳಿಸಿತು. "ಚೆನ್ನಾಗಿದೆ ಬೀಗಿತ್ತಿ, ಹೊಸ ಸುಳಿ ಬಿಟ್ಟಿದೆ." ಅಮ್ಮನ ಮುಖ ಅರಳಿತು. ಅದಾದ ಮೇಲೆ ಅಮ್ಮ ಹೆಚ್ಚು ದಿನ ಉಳಿಯಲಿಲ್ಲ.

ಕಣ್ಣೊರೆಸಿಕೊಳ್ಳುತ್ತ ಸೊಸೆ ವಾಪಸು ಬಂದಾಗ ಹಿತ್ತಲಲ್ಲಿ ನಿಜಕ್ಕೂ ಹೊಸ ಸುಳಿ ನಿಂತಿತ್ತು. ಹಳೇ ದಿಂಡು ಹೋಯಿತು, ಬುಡದಿಂದ ಚಿಗುರಿತು ಎಂದರು ಅತ್ತೆ. ಮುಂದಿನ ವರ್ಷ ಅಣ್ಣ ತವರಿನ ಹಿತ್ತಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸಿದ. ಬಾಳೆ, ಒಗೆಯುವ ಕಲ್ಲು, ನೀರಿನ ತೊಟ್ಟಿ ಎಲ್ಲ ಅದರಡಿ ಹೋದವು. ಅಮ್ಮನದು ಎಂದು ಈ ಭೂಮಿಯ ಮೇಲೆ ಉಸಿರಾಡುತ್ತಿದ್ದುದು ಇದೊಂದು ಗಿಡವೇ ಎಂದು ಸೊಸೆ ನಂಬಿದ್ದಳು. ಅದರ ಕತ್ತನ್ನು ವರ್ಷಕ್ಕೊಂದು ಸಲ ಅತ್ತೆ ಕುಯ್ಯುತ್ತಿದ್ದರು. ಉರಿಯದೆ ಇನ್ನೇನಾದೀತು?

ಅವಳ ಕೆಲಸ ಹಲ್ಲು ಕಟ್ಟುವುದು. ಪೇಟೆಯ ಹಿಂದಿನ ಬೀದಿಯ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮೇಜು ಅವಳದು. ದಂತವೈದ್ಯರು ಕಳಿಸಿದ ಅಚ್ಚಿಗೆ ಮೇಣ ತುಂಬಿ, ಹಲ್ಲು ಜೋಡಿಸಿ, ಬಣ್ಣದ ಪಟ್ಟಿ ಹಿಡಿದು, ಪಕ್ಕದ ಹಲ್ಲಿಗೆ ಸರಿಯಾಗಿ ಹೊಂದುವವರೆಗೆ ಬಿಡುವವಳಲ್ಲ. ಬಿಳಿಯಲ್ಲಿ ಎಷ್ಟು ಹಳದಿ, ಹಳದಿಯಲ್ಲಿ ಎಷ್ಟು ಬೂದು ಎಂದು ಅವಳ ಕಣ್ಣು ಒಂದೇ ನೋಟಕ್ಕೆ ಹೇಳುತ್ತಿತ್ತು. ಅತ್ತೆಯ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಅವಳ ಕೈಯವೇ. ಅತ್ತೆಯೋ, ಉತ್ತರ ಕೊಡಲು ಇಷ್ಟವಿಲ್ಲದ ಪ್ರಶ್ನೆ ಬಂದರೆ ಸೆಟ್ಟು ತೆಗೆದು ಕರ್ಚೀಫಿನಲ್ಲಿ ಸುತ್ತಿಬಿಡುತ್ತಿದ್ದರು. ಬೊಚ್ಚುಬಾಯಲ್ಲಿ ಅವರು ಏನು ಹೇಳಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದೂ ಅದೇ.

ಇಂಥ ಕಣ್ಣಿನವಳಿಗೆ ಗಿಡದಲ್ಲಿ ಏನೂ ಕಾಣಿಸಲಿಲ್ಲವೇ ಎಂದರೆ, ಕಾಣಿಸಿತ್ತು. ಅಮ್ಮನ ಗಿಡದ ಎಲೆಯ ನಡುದಂಟಿಗೆ ಕೆಂಪು ಛಾಯೆ ಇತ್ತು, ದಿಂಡಿನ ಮೇಲೆ ಕಪ್ಪು ಕಲೆಗಳಿದ್ದವು. ಇದು ಅಡಿಯಿಂದ ಮುಡಿಯವರೆಗೆ ಹಸಿರು. ಒಮ್ಮೆ ಕೇಳಿಯೂ ಕೇಳಿದ್ದಳು.

"ಚಳಿಗೆ ಬಣ್ಣ ಬಿಟ್ಟಿದೆ," ಎಂದಿದ್ದರು ಅತ್ತೆ. "ನೀನೂ ಇಲ್ಲಿಗೆ ಬಂದ ಮೇಲೆ ಬಿಳಿಚಿಕೊಂಡಿಲ್ವಾ?"

ಅವಳು ನಕ್ಕುಬಿಟ್ಟಿದ್ದಳು. ಬೇರೆಯವರ ಬಾಯೊಳಗಿನ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವವಳು ತನ್ನ ಹಿತ್ತಲಿನದನ್ನು ನೋಡಲು ಒಪ್ಪಲಿಲ್ಲ. ಅಮ್ಮ ಬೇಕಾಗಿದ್ದಳು ಅವಳಿಗೆ, ಅಷ್ಟೇ. ಬೇಕು ಎನ್ನುವವರ ಕಣ್ಣು ಹಾಗೇ.

ಹೀಗೇ ಹತ್ತು ಹನ್ನೆರಡು ವರ್ಷ ಹೋಯಿತು. ಆ ಸಲ ಚಳಿ ಶುರುವಾಗುವ ಮುಂಚೆ ಅತ್ತೆ ಹಿಂಬಾಗಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನಾಗಿ ಮನೆಗೆ ಬಂದವರು ಮಂಚದಿಂದ ಮಾಡಿದ ಮೊದಲ ಅಪ್ಪಣೆ ಮಗನಿಗೆ: ಬಾಳೆ ಕಡಿ.

ಮಗನದು ಲಿಫ್ಟ್ ರಿಪೇರಿಯ ಕೆಲಸ. ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ. "ನಾನು ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬರಲ್ಲ. ನಡುವೆ ಸಿಕ್ಕಿಹಾಕಿಕೊಂಡಿದ್ದೀನಿ," ಎಂದು ಷೂ ಹಾಕಿಕೊಂಡು ಕೆಲಸಕ್ಕೆ ಹೊರಟುಹೋದ.

"ಈ ಸಲ ಯಾರೂ ಕಡಿಯಲ್ಲ," ಎಂದಳು ಸೊಸೆ.

"ಸತ್ತುಹೋಗುತ್ತೆ ಕಣೆ."

"ಸತ್ತರೆ ನನ್ನ ಅಮ್ಮನ ಗಿಡ ತಾನೆ. ನಾನು ಅಳ್ತೀನಿ ಬಿಡಿ."

ಅತ್ತೆ ಹಲ್ಲು ತೆಗೆದರು.

ಊರಾಚೆಯ ನರ್ಸರಿಗೆ ಹೋಗಿ ಸೊಸೆ ದಿಂಡು ಉಳಿಸುವ ಬಗೆ ಕೇಳಿಕೊಂಡು ಬಂದಳು. ನರ್ಸರಿಯವನು ಹೇಳಿದ್ದು ಕಷ್ಟದ್ದೇನಲ್ಲ: ಎಲೆಗಳನ್ನಷ್ಟೇ ಕತ್ತರಿಸಿ, ದಿಂಡಿನ ಸುತ್ತ ಕೋಳಿಗೂಡಿನ ತಂತಿಬಲೆಯನ್ನು ಕೊಳವೆಯ ಹಾಗೆ ನಿಲ್ಲಿಸಿ, ಒಳಗೆ ಒಣಹುಲ್ಲು ಒತ್ತೊತ್ತಿ ತುಂಬಬೇಕು, ಹೊರಗೆ ಗೋಣಿ ಸುತ್ತಬೇಕು, ತಲೆಯ ಮೇಲೆ ನೀರಿಳಿಯಬಾರದು, ಏಕೆಂದರೆ ಬಾಳೆಯನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಚಳಿಯೊಳಗಿನ ನೀರು. "ಯಾವ ಜಾತಿ?" ಎಂದು ಅವನು ಕೇಳಿದ. "ನಮ್ಮಮ್ಮನ ಮನೇದು," ಎಂದಳು. ಅವನು ಅದೂ ಒಂದು ಜಾತಿಯೇ ಎನ್ನುವಂತೆ ತಲೆಯಾಡಿಸಿದ. "ಚಳಿ ತಡೆಯೋವು, ತಡೀದೇ ಇರೋವು ಎಲೆ ನೋಡಿದರೆ ಎಲ್ಲ ಅಕ್ಕತಂಗೀರ ಹಾಗೇ ಇರ್ತವಮ್ಮ. ಹೂ ಬಿಟ್ಟಾಗಲೇ ಇದು ಇಂಥವರ ಮನೆ ಮಗಳು ಅಂತ ಗೊತ್ತಾಗೋದು."

ಅವಳು ಒಂದು ಭಾನುವಾರವಿಡೀ ಗಿಡಕ್ಕೆ ಅಂಗಿ ತೊಡಿಸಿದಳು. ಅತ್ತೆ ಕೋಣೆಯ ಕಿಟಕಿಯಿಂದ ನೋಡುತ್ತಲೇ ಇದ್ದರು. ಪಾತ್ರಗಳು ಅದಲುಬದಲಾಗಿದ್ದವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಸುಮ್ಮನೆ ಹೇಳಿಲ್ಲ.

ಹಿಮ ಬಿತ್ತು, ಕರಗಿತು, ಮತ್ತೆ ಬಿತ್ತು. ಬಿಸಿಲು ಗಟ್ಟಿಯಾದ ಮೇಲೆ ಗೋಣಿ ಬಿಚ್ಚಿ ಹುಲ್ಲು ಕಿತ್ತರೆ ದಿಂಡು ಮೇಲುಪಟ್ಟೆ ಒಣಗಿಸಿಕೊಂಡು, ಒಳಗೆ ಕಲ್ಲಿನಂತೆ ಗಟ್ಟಿಯಾಗಿ ನಿಂತಿತ್ತು. ವಾರದೊಳಗೆ ನಡುವಿನಿಂದ ಹಸಿರು ಸುಳಿ ಇಣುಕಿತು. ಸೊಸೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಹಿತ್ತಲಿಗೆ ಹೋಗುವುದು ರೂಢಿಯಾಯಿತು. ಊಟಕ್ಕೆ ಕೂತರೂ ಆ ಹಣ್ಣಿನದೇ ಮಾತು. ಸಿಪ್ಪೆ ಹೀಗಿರುತ್ತೆ, ವಾಸನೆ ಹಾಗಿರುತ್ತೆ, ಮೊದಲ ಚಿಪ್ಪು ಯಾರಿಗೆ, ಎರಡನೆಯದು ಯಾರಿಗೆ. ಹಣ್ಣು ತಿನ್ನಬೇಕೆಂಬ ಆಸೆ ಇಷ್ಟು ವರ್ಷ ಬೂದಿ ಮುಚ್ಚಿದ ಕೆಂಡದ ಹಾಗಿತ್ತು, ಈಗ ಅವಳನ್ನು ಸರಿಯಾಗಿ ನಿದ್ದೆ ಮಾಡಲೂ ಬಿಡಲಿಲ್ಲ. ಅತ್ತೆ ಮಾತ್ರ ಊಟ ಮುಗಿಯುವ ಮೊದಲೇ ಕೋಲೂರಿಕೊಂಡು ಎದ್ದುಹೋಗುತ್ತಿದ್ದರು.

ಬೇಸಿಗೆ ಏರಿದಾಗ ಎಲೆಗಳ ನಡುವಿನಿಂದ ಮೂತಿ ಹೊರಬಂತು. ಹಸಿರು, ಮುಚ್ಚಿದ, ಮುಷ್ಟಿಯಷ್ಟು ದಪ್ಪದ ಮೊಗ್ಗು. ಸೊಸೆ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದಳು. ಮನೆಗೆ ಬಂದರೆ ಅತ್ತೆ ಹಿಂಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅಡುಗೆಮನೆಯ ಚಾಕು.

"ಮೂತಿ ಕಿತ್ತುಬಿಡೋಣ. ಹೂ ಬಿಟ್ಟರೆ ಬಾಳೆ ಸಾಯುತ್ತೆ, ನಿನಗೆ ಗೊತ್ತಿಲ್ಲವಾ?"

"ಗೊತ್ತು ಅತ್ತೆ. ಪಕ್ಕದಲ್ಲಿ ಮರಿಗಳಿವೆ. ನಿಮಗೆ ಆಗಿರೋದಾದರೂ ಏನು?"

ಸೊಸೆ ಚಾಕು ಇಸಿದುಕೊಂಡು ಅವರನ್ನು ಒಳಗೆ ಕೂರಿಸಿದಳು. ವಯಸ್ಸಾಯಿತು, ಬಿದ್ದ ಭಯ ಇನ್ನೂ ಹೋಗಿಲ್ಲ ಎಂದುಕೊಂಡಳು.

ಮೂತಿಯ ಮೊದಲ ಪಕಳೆ ಬಿಚ್ಚಿದ್ದು ರಜೆಯ ದಿನ ಬೆಳಗ್ಗೆ. ಏಣಿ ಹಾಕಿಕೊಂಡು ಹತ್ತಿರದಿಂದ ನೋಡಿದಳು. ಹಳದಿ. ಹಣ್ಣೆಲೆಯ ಹಳದಿಗೆ ಒಂದಿಷ್ಟು ಕಂದು ಬೆರೆತ, ಮಂಕಾದ ಬಣ್ಣ. ನೇರಳೆ ಎಲ್ಲೂ ಇರಲಿಲ್ಲ, ಪಕಳೆಯ ಒಳಮೈಯಲ್ಲೂ ಇರಲಿಲ್ಲ. ಬಣ್ಣದ ವಿಷಯದಲ್ಲಿ ಅವಳ ಕಣ್ಣಿಗೆ ಮೋಸ ಮಾಡಲು ಯಾರಿಂದಲೂ ಆಗದು. ಇನ್ನು ಅವಳಿಂದಲೂ ಆಗಲಿಲ್ಲ. ಕೆಂಪಿಲ್ಲದ ನಡುದಂಟು, ಕಲೆಯಿಲ್ಲದ ದಿಂಡು, ಇಷ್ಟು ಚಳಿಗೂ ಸಾಯದ ಗಡ್ಡೆ, ಬುಡಕ್ಕೇ ಬೀಳುತ್ತಿದ್ದ ಗರಗಸ ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಇದು ಅಮ್ಮನ ಗಿಡವಲ್ಲ. ಯಾವತ್ತೂ ಆಗಿರಲಿಲ್ಲ.

ಪಕಳೆ ಕಿತ್ತು ತಂದು ಅಡುಗೆಮನೆಯ ಮೇಜಿನ ಮೇಲೆ, ಅತ್ತೆಯ ಚಹಾ ಲೋಟದ ಪಕ್ಕ ಇಟ್ಟಳು. ಅತ್ತೆ ಅದನ್ನು ನೋಡಿದರು. ಕೈ ಮೆಲ್ಲಗೆ ಬಾಯಿಗೆ ಹೋಯಿತು, ಸೆಟ್ಟು ಕರ್ಚೀಫಿಗೆ ಬಂತು.

"ಹಲ್ಲು ಹಾಕ್ಕೊಳ್ಳಿ ಅತ್ತೆ," ಎಂದಳು ಸೊಸೆ. ದನಿ ಏರಿಸಲಿಲ್ಲ. "ನಾನೇ ಕಟ್ಟಿದ ಹಲ್ಲು. ಹಾಕ್ಕೊಂಡು ಹೇಳಿ."

ಅತ್ತೆ ಕರ್ಚೀಫು ಬಿಡಿಸಿದರು. ಮೇಲಿನ ಸಾಲು ಹಾಕಿಕೊಂಡರು, ಕೆಳಗಿನದು ಹಾಕಿಕೊಂಡರು, ಲೋಟದಿಂದ ಒಂದು ಗುಟುಕು ಕುಡಿದರು.

"ನೀನು ಹೇಳಿದ ಹಾಗೇ ಎಲ್ಲ ಮಾಡಿದ್ದೆ. ಕಂಬಳಿ ಹೊದಿಸಿದ್ದೆ, ಗೋಣಿ ಸುತ್ತಿದ್ದೆ. ಒಂದು ದಿನ ಹಿಮ ಸರಿಸಿ ನೋಡಿದರೆ ಗಡ್ಡೆ ಕೊಳೆತ ಆಲೂಗಡ್ಡೆ ಹಾಗೆ ಕೈಗೆ ಬಂತು. ಕೈ ತೊಳೀತಾ ಇದ್ದೆ, ನಿನ್ನ ಫೋನು ಬಂತು. ನೀನು ಅಂತ ಎತ್ತಿದರೆ ಆ ಕಡೆ ನಿಮ್ಮಮ್ಮ. ದನಿಯೇ ಇರಲಿಲ್ಲ ಅವಳಿಗೆ, ಉಸಿರಷ್ಟೇ. ಗಿಡ ಹೇಗಿದೆ ಅಂದಳು. ಸಾಯೋ ಹೆಂಗಸಿಗೆ ನಾನು ಏನು ಹೇಳ್ಲಿ? ಹೊಸ ಸುಳಿ ಬಿಟ್ಟಿದೆ ಅಂದೆ." ಅತ್ತೆ ಲೋಟವನ್ನು ಮೇಜಿನ ಮೇಲೆ ತಿರುಗಿಸಿದರು. "ಅಂದ ಮೇಲೆ ಬಿಟ್ಟಿರಬೇಕಲ್ಲ ಅದು."

ಒಣಗಿದ ಎಲೆಯ ತುಂಡೊಂದನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಅತ್ತೆ ನರ್ಸರಿಗೆ ಹೋಗಿದ್ದರಂತೆ. ಆಗ ಇದ್ದವನು ಈಗಿನವನ ಅಪ್ಪ. ಇಂಥದೇ, ಆದರೆ ಈ ಊರಲ್ಲಿ ಸಾಯದಂಥದು ಬೇಕು ಎಂದರಂತೆ. ಅವನು ಕುಂಡದಲ್ಲಿದ್ದ ಈ ಗಿಡ ಕೊಟ್ಟು, ಹಿಮದಡಿಯಲ್ಲೂ ಇದರ ಗಡ್ಡೆ ಬದುಕುತ್ತದೆ, ಹಣ್ಣು ಮಾತ್ರ ಬರೀ ಬೀಜ, ಬಾಯಿಗಿಡುವಂತಿಲ್ಲ, ಹೂವೂ ಹಳದಿ ಎಂದನಂತೆ. ಹೂ ಬಿಡದ ಹಾಗೆ ಮಾಡುವುದು ಹೇಗೆ ಎಂದು ಅತ್ತೆ ಕೇಳಿದರಂತೆ. ಗಿಡ ಕೊಳ್ಳಲು ಬಂದವರು ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಮುಂದಿನವರ ಕತ್ತಿಗೆ ತಾಗಿ ಬೈಸಿಕೊಳ್ಳುತ್ತ ಮನೆಗೆ ಬಂದರಂತೆ.

"ನೀನು ಬಂದ ಮೇಲೆ ಹೇಳೋಣ ಅಂದುಕೊಂಡೆ. ನೀನು ಬಂದವಳು ಮೊದಲು ಹಿತ್ತಲಿಗೆ ಓಡಿದೆ. ಆ ಸುಳಿ ಮುಟ್ಟಿಕೊಂಡು ಹೇಗೆ ಅಳ್ತಾ ಕೂತೆ ಅಂತೀಯ. ಆಮೇಲೆ ನನಗೆ ಹೇಳೋಕೆ ಬಾಯೇ ಬರಲಿಲ್ಲ."

"ಸುಳ್ಳು ಅಮ್ಮನಿಗೆ ಹೇಳಿದಿರಿ, ಸರಿ. ನನಗೂ ಯಾಕೆ? ಇಷ್ಟು ವರ್ಷ ನಾನು ಯಾರಿಗೆ ನೀರು ಹಾಕಿದೆ ಅತ್ತೆ?"

ಈ ಸಲ ಅತ್ತೆ ಹಲ್ಲು ತೆಗೆಯಲಿಲ್ಲ.

ಅಂದಿನಿಂದ ಸೊಸೆ ಬೇಕಾದಷ್ಟೇ ಮಾತಾಡಿದಳು. ಔಷಧಿ ತಗೊಂಡಿರಾ, ಹೂಂ. ನೀರು ಬಿಸಿ ಇದೆ, ಹೂಂ. ಸಂಜೆ ಟೀವಿ ಮುಂದೆ ಕಂಬಳಿಯೊಳಗೆ ಒಂದೇ ಜೊತೆ ಕಾಲು. ಸಿಟ್ಟು ಅತ್ತೆಯ ಮೇಲೆ ಎಂದು ಅವಳೂ ಅಂದುಕೊಂಡಿದ್ದಳು. ಆದರೆ ಲ್ಯಾಬಿನಲ್ಲಿ ಮೇಣ ಕರಗಿಸುತ್ತ ಕೂತಾಗ ಕಣ್ಣು ತುಂಬುತ್ತಿದ್ದುದು ಸಿಟ್ಟಿಗಲ್ಲ. ಅಮ್ಮ ಹೋದಾಗ ಅವಳು ಅರ್ಧವೇ ಅತ್ತಿದ್ದಳು. ಇನ್ನರ್ಧವನ್ನು ಹಿತ್ತಲಲ್ಲಿ ನೆಟ್ಟು, ನೀರೆರೆದು, ಹಣ್ಣಾಗಲಿ ಎಂದು ಕಾದಿದ್ದಳು. ಇನ್ನು ಕಾಯಲು ಏನೂ ಇರಲಿಲ್ಲ. ಅಮ್ಮನನ್ನು ನೋಡಬೇಕೆಂಬ ಆಸೆ ಮೊದಲ ವರ್ಷಕ್ಕಿಂತ ಈಗ ಹೆಚ್ಚಾಯಿತು.

ಗೊನೆ ಬೆರಳುದ್ದದ ಕಾಯಿಗಳಾಗಿ ಅಷ್ಟಕ್ಕೇ ನಿಂತಿತು. ಎಲೆಯಂಚು ಕಪ್ಪಾಗತೊಡಗಿದ ದಿನ, ಬೆಳಗ್ಗೆಯೇ ಹುಲ್ಲು ಬೆಳ್ಳಗಾಗಿತ್ತು. ಸೊಸೆ ಮಾವನ ಕೋಟು ಏರಿಸಿ ಗರಗಸ ತಂದಳು. ಅತ್ತೆ ತಾವೇ ಕೋಲೂರಿಕೊಂಡು ಬಂದು ಹಿಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಬಾ ಎಂದು ಯಾರೂ ಕರೆದಿರಲಿಲ್ಲ.

ಸೊಸೆ ಮೊದಲು ಗೊನೆ ಇಳಿಸಿದಳು. ಒಂದು ಕಾಯಿ ಸೀಳಿದರೆ ಬಿಳಿ ತಿರುಳು ಹೆಸರಿಗೆ ಮಾತ್ರ, ಒಳಗೆಲ್ಲ ಕಾಳುಮೆಣಸಿನಂಥ ಕರೀ ಬೀಜ. ಆದರೂ ಬಾಯಿಗಿಟ್ಟಳು. ಒಗರು. ಬೀಜವನ್ನು ಅಂಗೈಗೆ ಉಗಿದಳು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ," ಎಂದರು ಅತ್ತೆ, ಬಹಳ ದಿನಗಳ ಮೇಲೆ ತಾವಾಗಿ ಬಾಯಿಬಿಟ್ಟು. "ನಮಗೆ ಹಲ್ಲೂ ಬಂತು, ಹಣ್ಣೂ ಬಂತು. ಎರಡೂ ನಕಲಿ."

ಸೊಸೆಗೆ ನಗು ಬಂತು. ಬರಬಾರದಿತ್ತು, ಬಂತು. ಅದರ ಹಿಂದೆಯೇ ಕೇಳಬೇಕೆಂದಿದ್ದ ಮಾತೂ ಬಂತು.

"ಆ ಹಳೇ ಗಡ್ಡೆ ಏನು ಮಾಡಿದಿರಿ ಅತ್ತೆ? ಕಸಕ್ಕೆ ಹಾಕಿದಿರಾ?"

"ಕಸಕ್ಕೆ ಹಾಕ್ತಾರೇನೆ," ಎಂದರು ಅತ್ತೆ, ನೊಂದುಕೊಂಡವರ ಹಾಗೆ. "ಅದೇ ಗುಂಡೀಲೇ ಇದೆ. ಅದನ್ನ ಕೆಳಗೆ ಹಾಕಿ, ಅದರ ಮೇಲೇ ಇದನ್ನ ನೆಟ್ಟೆ."

ಸೊಸೆ ಗರಗಸ ಕೆಳಗಿಟ್ಟಳು. ಬುಡದ ಪಕ್ಕ ಮಂಡಿಯೂರಿ, ತಣ್ಣನೆಯ ಮಣ್ಣಿನ ಮೇಲೆ ಎರಡೂ ಅಂಗೈ ಊರಿ, ಉಳಿದಿದ್ದ ಅರ್ಧವನ್ನು ಅತ್ತಳು. ಅಮ್ಮಾ ಎಂದು ಕರೆದೇ ಅತ್ತಳು. ಅತ್ತೆ ಸೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡು, ಬೊಚ್ಚುಬಾಯಿಗೆ ಸೆರಗು ಒತ್ತಿ ಕೂತಿದ್ದರು.

ಆಮೇಲೆ ಸೊಸೆ ಎದ್ದು ಮೂಗೊರೆಸಿಕೊಂಡು, ಹೂ ಬಿಟ್ಟ ದಿಂಡನ್ನು ಬುಡಕ್ಕೆ ಕಡಿದಳು. ಅದರ ಕೆಲಸ ಮುಗಿದಿತ್ತು. ಪಕ್ಕದಲ್ಲಿ ಎದೆಯೆತ್ತರದ ಮೂರು ಮರಿಗಳಿದ್ದವು. ಅತ್ತೆ ಹಲ್ಲು ಹಾಕಿಕೊಂಡು ಕೋಲು ತೋರಿಸಿದರು.

"ಅವನ್ನೂ ಕಡಿದುಬಿಡು. ಮುಚ್ಚೋಕೆ ಸುಲಭ."

ಸೊಸೆ ಶೆಡ್ಡಿಗೆ ಹೋಗಿ ತಂತಿಬಲೆ ಎಳೆದು ತಂದಳು. ಮೂರೂ ಮರಿಗಳ ಸುತ್ತ ಅದನ್ನು ನಿಲ್ಲಿಸಿ, ಅತ್ತೆಯ ಕುರ್ಚಿಯ ಬಳಿ ಹುಲ್ಲಿನ ಮೂಟೆ ತಂದು ಹಾಕಿ, ಬಿಡಿಸಿ ಕೊಡಿ ಎಂದಳು.

"ನಿಲ್ಲಲಿ ಬಿಡಿ ಅತ್ತೆ. ಹೂ ಬಿಡಲಿ. ಇನ್ನು ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?"

ಅತ್ತೆ ಹುಲ್ಲು ಬಿಡಿಸತೊಡಗಿದರು.